ಚದರ ಕಿಲೋಮೀಟರಿಗೆ ಇಬ್ಬರೇ!

ಮೊದಲು ಒಂದು ಲೆಕ್ಕ ಮಾಡೋಣ. ನಮ್ಮ ಶಿವಮೊಗ್ಗ ಜಿಲ್ಲೆಯ ವಿಸ್ತೀರ್ಣ 8,477 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ 17,52,753. ಭಾಗಿಸಿದರೆ ಚದರ ಕಿಲೋಮೀಟರಿಗೆ 207 ಮಂದಿ. ಇನ್ನು ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯನ್ನು ನೋಡಿ. ವಿಸ್ತೀರ್ಣ 13,841 ಚದರ ಕಿಲೋಮೀಟರ್, ಅಂದರೆ ನಮ್ಮ ಜಿಲ್ಲೆಯ ಒಂದೂವರೆ ಪಟ್ಟಿಗಿಂತಲೂ ಹೆಚ್ಚು. ಜನಸಂಖ್ಯೆ ಮಾತ್ರ 31,564. ಚದರ ಕಿಲೋಮೀಟರಿಗೆ ಬರೇ ಇಬ್ಬರು! ಆ ಇಡೀ ಜಿಲ್ಲೆಯ ಜನರನ್ನೆಲ್ಲ ತಂದು ಭದ್ರಾವತಿಯಲ್ಲಿ ನಿಲ್ಲಿಸಿದರೂ ಪಟ್ಟಣದ ಜನಸಂಖ್ಯೆಯ ಐದನೆಯ ಒಂದು ಪಾಲಿನಷ್ಟಾದಾರು.

ಹಿಮಾಚಲ ಪ್ರದೇಶದ ಸುಮಾರು ಕಾಲು ಭಾಗ ಈ ಒಂದೇ ಜಿಲ್ಲೆ. ಆದರೂ 2011ರ ಗಣತಿಯಲ್ಲಿ ಅಲ್ಲಿ 'ಪಟ್ಟಣ' ಎನಿಸಿಕೊಂಡ ಒಂದೇ ಒಂದು ಊರಿರಲಿಲ್ಲ. ಜಿಲ್ಲಾ ಕೇಂದ್ರ ಕೇಲಾಂಗ್ ಕೂಡ ಗ್ರಾಮವೇ.

ಅಲ್ಲಿ ಜನ ಇಷ್ಟು ಕಡಿಮೆ ಏಕೆ ಎಂದು ತರಗತಿಯಲ್ಲಿ ಕೇಳಿದರೆ ಎಲ್ಲರೂ ಒಂದೇ ಉಸಿರಿಗೆ "ಚಳಿ ಸಾರ್" ಎನ್ನುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧ ಗೊತ್ತಾಗಬೇಕಾದರೆ ಆ ಜಿಲ್ಲೆಯ ಬೆಟ್ಟ, ಬೆಳೆ, ದಾರಿ ಮೂರನ್ನೂ ನೋಡಬೇಕು.

ಮಳೆಯ ನೆರಳಿನ ನಾಡು

ಅಟ್ಲಾಸ್ ತೆರೆದು ಮನಾಲಿಯನ್ನು ಹುಡುಕಿ. ಅದರ ಉತ್ತರಕ್ಕೆ ಪೀರ್ ಪಂಜಾಲ್ ಪರ್ವತಶ್ರೇಣಿ, ಅದನ್ನು ದಾಟುವ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿ. ದಾಟಿದರೆ ಲಾಹೌಲ್. ಚಂದ್ರಾ ಮತ್ತು ಭಾಗಾ ನದಿಗಳು ಅಲ್ಲಿ ತಾಂಡಿ ಎಂಬಲ್ಲಿ ಕೂಡಿ ಚಂದ್ರಭಾಗಾ ಆಗುತ್ತವೆ. ನೀವು ಪಾಠದಲ್ಲಿ ಓದುವ ಚೆನಾಬ್ ನದಿ ಇದೇ. ಲಾಹೌಲಿನ ಪೂರ್ವಕ್ಕೆ ಕುಂಜುಮ್ ಎಂಬ ಇನ್ನೊಂದು ಎತ್ತರದ ದಾರಿ ದಾಟಿದರೆ ಸ್ಪಿತಿ. ಸ್ಪಿತಿ ನದಿ ಸಟ್ಲೆಜ್‌ಗೆ ಸೇರುತ್ತದೆ.

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಕೇಲಾಂಗ್ ಇರುವುದೇ 3,000 ಮೀಟರಿಗೂ ಮೇಲೆ, ಸ್ಪಿತಿಯ ಮುಖ್ಯ ಊರು ಕಾಜಾ 3,600 ಮೀಟರಿಗೂ ಮೇಲೆ. ಕಿಬ್ಬರ್ ಎಂಬ ಹಳ್ಳಿ 4,200 ಮೀಟರನ್ನೂ ಮೀರಿದೆ. ಒಂದು ಕಿಲೋಮೀಟರ್ ಮೇಲಕ್ಕೆ ಹೋದರೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ ಎಂಬ ನಿಯಮ ನಿಮಗೆ ಗೊತ್ತಿದೆ. ಅದರ ಜೊತೆಗೆ ಉತ್ತರದ ಅಕ್ಷಾಂಶವನ್ನೂ ಸೇರಿಸಿಕೊಳ್ಳಿ. ಚಳಿಗಾಲದಲ್ಲಿ ಸ್ಪಿತಿಯಲ್ಲಿ ಪಾದರಸ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಇಳಿಯುವುದು ಏಕೆಂದು ಆಗ ತಿಳಿಯುತ್ತದೆ.

ಚಳಿಯಷ್ಟೇ ಮುಖ್ಯವಾದದ್ದು ಮಳೆಯ ಕೊರತೆ. ಇದನ್ನು ತಿಳಿಯಲು ನೀವು ಹಿಮಾಲಯಕ್ಕೆ ಹೋಗಬೇಕಿಲ್ಲ. ಜುಲೈ ತಿಂಗಳಲ್ಲಿ ಆಗುಂಬೆಯಿಂದ ತೀರ್ಥಹಳ್ಳಿ, ಗಾಜನೂರು, ಶಿವಮೊಗ್ಗ ಹಾದು ಭದ್ರಾವತಿಯವರೆಗೆ ಬಸ್ಸಿನಲ್ಲಿ ಬನ್ನಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ ಜಡಿಮಳೆ, ಶಿವಮೊಗ್ಗದಲ್ಲಿ ಜಿಟಿಜಿಟಿ, ಭದ್ರಾವತಿಯಲ್ಲಿ ಛತ್ರಿ ಮಡಿಚಿ ಕಂಕುಳಲ್ಲಿ! ಘಟ್ಟವೇ ಮೋಡಗಳ ನೀರನ್ನು ಮೊದಲು ಇಳಿಸಿಕೊಂಡುಬಿಡುತ್ತದೆ. ಪೀರ್ ಪಂಜಾಲ್ ಮಾಡುವುದೂ ಇದನ್ನೇ. ಮನಾಲಿಯಲ್ಲಿ ದೇವದಾರು ಕಾಡು. ಬೆಟ್ಟ ದಾಟಿ ಮುಂದೆ ಮುಂದೆ ಹೋದಂತೆ ಮರಗಳೇ ಇಲ್ಲದ ಬೋಳು ಗುಡ್ಡ. ಸ್ಪಿತಿಯನ್ನು ಶೀತಲ ಮರುಭೂಮಿ ಎನ್ನುವುದು ಇದಕ್ಕಾಗಿಯೇ.

ಮನೆಯ ಮಾಡು ನೋಡಿಯೇ ಹವೆಯನ್ನು ಹೇಳಬಹುದು. ನಮ್ಮ ಮಲೆನಾಡಿನ ಮನೆಗಳಿಗೆ ನೀರು ಸರ್ರನೆ ಇಳಿದುಹೋಗುವಂಥ ಇಳಿಜಾರು ಹೆಂಚಿನ ಮಾಡು. ಸ್ಪಿತಿಯ ಮನೆಗಳಿಗೆ ಮಣ್ಣಿನ ಸಮತಟ್ಟಾದ ಮಾಳಿಗೆ. ಅದರ ಮೇಲೆ ಚಳಿಗಾಲಕ್ಕೆ ಬೇಕಾದ ಸೌದೆ, ಒಣಹುಲ್ಲು ಒಟ್ಟಿರುತ್ತಾರೆ.

ವರ್ಷಕ್ಕೊಂದೇ ಬೆಳೆ

ಮಳೆಯಿಲ್ಲದ ಕಡೆ ಬೇಸಾಯ ಹೇಗೆ? ಬೆಟ್ಟದ ಮೇಲೆ ಹಿಮ ಕರಗಿದ ನೀರನ್ನು 'ಕೂಲ್' ಎಂಬ ಸಣ್ಣ ಕಾಲುವೆಗಳಲ್ಲಿ ಹೊಲಕ್ಕೆ ತರುತ್ತಾರೆ. ವಸಂತದಲ್ಲಿ ಹೊಲದ ಮೇಲಿನ ಹಿಮ ಬೇಗ ಕರಗಲೆಂದು ಅದರ ಮೇಲೆ ಮಣ್ಣು ಎರಚುವ ಪದ್ಧತಿಯೂ ಲಾಹೌಲಿನಲ್ಲಿದೆ. ಕಪ್ಪು ಬಣ್ಣ ಬಿಸಿಲನ್ನು ಹೀರುತ್ತದೆ, ಬಿಳಿ ಹಿಂದಕ್ಕೆ ಕಳಿಸುತ್ತದೆ ಎಂಬ ವಿಜ್ಞಾನದ ಪಾಠವನ್ನು ಅವರು ಹೊಲದಲ್ಲೇ ಕಲಿತಿದ್ದಾರೆ. ಹತ್ತು ದಿನ ಮುಂಚೆ ಬಿತ್ತಿದರೆ ಅಷ್ಟು ಲಾಭ. ಏಕೆಂದರೆ ಬೆಳೆಗೆ ಸಿಗುವುದು ಬೇಸಿಗೆಯ ಕೆಲವೇ ತಿಂಗಳು.

ಹಿಂದೆ ಬಾರ್ಲಿಯಂಥ ಧಾನ್ಯ ಬೆಳೆದು, ಕುರಿ, ಆಡು, ಚಮರೀಮೃಗ ಸಾಕಿ, ಟಿಬೆಟ್ಟಿನೊಡನೆ ಉಣ್ಣೆ, ಉಪ್ಪಿನ ವ್ಯಾಪಾರ ಮಾಡಿ ಬದುಕುತ್ತಿದ್ದರು. ಜಮೀನು ಅಂಗೈಯಗಲ. ಅದನ್ನು ಮಕ್ಕಳಿಗೆಲ್ಲ ಹಂಚಿದರೆ ಯಾರ ಹೊಟ್ಟೆಯೂ ತುಂಬದು. ಹಾಗಾಗಿ ಸ್ಪಿತಿಯಲ್ಲಿ ಹಿರಿಯ ಮಗನಿಗೇ ಜಮೀನು. ಕಿರಿಯರು ಬೌದ್ಧ ಮಠ ಸೇರುವುದು ರೂಢಿ. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ತಾಬೋ ಮಠ ಇಂದಿಗೂ ಅಲ್ಲಿದೆ. ಜನಸಂಖ್ಯೆ ಹೆಚ್ಚದಿರುವುದಕ್ಕೆ ಚಳಿಯಷ್ಟೇ ಅಲ್ಲ, ಇಂಥ ಕಟ್ಟುಪಾಡುಗಳೂ ಕಾರಣ ಎಂಬುದನ್ನು ಗಮನಿಸಿ.

1962ರ ಚೀನಾ ಯುದ್ಧದ ಹೊತ್ತಿಗೆ ಟಿಬೆಟ್ಟಿನ ವ್ಯಾಪಾರ ನಿಂತುಹೋಯಿತು. ಲಾಹೌಲಿನವರು ಆ ವೇಳೆಗಾಗಲೇ ಕುಠ್ ಎಂಬ ಪರಿಮಳದ ಬೇರನ್ನು ಬೆಳೆದು ಮಾರುತ್ತಿದ್ದರು. ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಕೋಷ್ಠ ಎಂಬ ಹೆಸರಿನಲ್ಲಿ ಸಿಗುವುದು ಇದೇ ಬೇರು. ಅದರ ಬೆಲೆಯೂ ಬಿದ್ದಿತು. ಆಗ ಬಿತ್ತನೆ ಆಲೂಗಡ್ಡೆ ಕೈಹಿಡಿಯಿತು. ಆಲೂಗಡ್ಡೆಗೆ ವೈರಸ್ ರೋಗ ಹರಡುವ ಹೇನುಗಳು ಆ ಎತ್ತರದ ಚಳಿಯಲ್ಲಿ ಹೆಚ್ಚಾಗಿ ಬದುಕುವುದಿಲ್ಲ. ಆದ್ದರಿಂದ ಅಲ್ಲಿನ ಗೆಡ್ಡೆ ಬಿತ್ತನೆಗೆ ಬಲು ಒಳ್ಳೆಯದು. ಯಾವ ಚಳಿ ಶತ್ರುವಾಗಿತ್ತೋ ಅದೇ ಬಂಡವಾಳವಾಯಿತು! 1966ರಲ್ಲಿ ಅಲ್ಲಿನ ರೈತರು ಲಾಹೌಲ್ ಆಲೂಗಡ್ಡೆ ಸಹಕಾರ ಸಂಘ ಕಟ್ಟಿಕೊಂಡರು. ಅಡಿಕೆ ಬೆಳೆಗಾರರಿಗೆ ನಮ್ಮ ಮಾಮ್‌ಕೋಸ್ ಇದ್ದ ಹಾಗೆ ಎನ್ನಿ.

ಆಮೇಲೆ ಬಂದದ್ದು ಹಸಿರು ಬಟಾಣಿ ಮತ್ತು ಹೂಕೋಸು. ಬಯಲುಸೀಮೆಯಲ್ಲಿ ಬಟಾಣಿ ಚಳಿಗಾಲದ ಬೆಳೆ. ಲಾಹೌಲ್-ಸ್ಪಿತಿಯಲ್ಲಿ ಅದು ಜುಲೈ, ಆಗಸ್ಟ್ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಮಾರುಕಟ್ಟೆಯಲ್ಲಿ ಬಟಾಣಿ ಇಲ್ಲದ ಕಾಲದಲ್ಲಿ ಬರುವ ಬಟಾಣಿಗೆ ಬೆಲೆ ಎಷ್ಟಿರುತ್ತದೆಂದು ಅಮ್ಮನನ್ನು ಕೇಳಿ.

ಅಲ್ಲಿನ ಬೋಳು ಗುಡ್ಡಗಳು ಹಿಮಚಿರತೆಯ ನೆಲೆಯೂ ಹೌದು. ಅದು ಕುರಿ, ಆಡು ಹಿಡಿದರೆ ಬಡವನಿಗೆ ನಷ್ಟ. ಮೈಸೂರಿನಲ್ಲಿ ಕಚೇರಿ ಇರುವ ನೇಚರ್ ಕನ್ಸರ್ವೇಷನ್ ಫೌಂಡೇಷನ್ ಸಂಸ್ಥೆಯವರು ಕಿಬ್ಬರಿನ ಜನರ ಜೊತೆ ಸೇರಿ ಊರವರೇ ನಡೆಸುವ ಜಾನುವಾರು ವಿಮೆ ರೂಪಿಸಿದ್ದಾರೆ. ಕನ್ನಡ ನಾಡಿಗೂ ಆ ದೂರದ ಕಣಿವೆಗೂ ಇಂಥದ್ದೊಂದು ನಂಟಿದೆ.

ಅಂಕಿ ಹೇಳುವ ಗುಟ್ಟು

ಈಗ ಜನಸಂಖ್ಯೆಗೆ ಮರಳೋಣ. ಲಾಹೌಲ್-ಸ್ಪಿತಿಯಲ್ಲಿ ಜನ ಎಣಿಸುವುದೂ ಸುಲಭವಲ್ಲ. ದೇಶದ ಉಳಿದೆಡೆ 2011ರ ಗಣತಿಗೆ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಹಿಡಿದರೆ, ಹಿಮಾವೃತ ಪ್ರದೇಶಗಳಿಗೆ ಅದಕ್ಕೂ ಮೊದಲೇ, 2010ರ ಅಕ್ಟೋಬರ್ 1ನ್ನು ಹಿಡಿಯಲಾಯಿತು. ಹಿಮ ಬಿದ್ದ ಮೇಲೆ ಗಣತಿದಾರರು ಮನೆ ಮನೆಗೆ ಹೋಗುವುದಾದರೂ ಹೇಗೆ? 2027ರ ಗಣತಿಗೂ ಹೀಗೆಯೇ 2026ರ ಅಕ್ಟೋಬರ್ 1 ಎಂದು 2025ರ ಜೂನ್‌ನಲ್ಲಿ ಪ್ರಕಟಿಸಲಾಯಿತು.

2001ರಲ್ಲಿ ಆ ಜಿಲ್ಲೆಯ ಜನಸಂಖ್ಯೆ 33,224. ಹತ್ತು ವರ್ಷದಲ್ಲಿ 1,660 ಮಂದಿ ಕಡಿಮೆಯಾದರು. ಚಳಿಗೆ ಹೆದರಿ ಓಡಿದರೆ? ಅಂಕಿಯನ್ನು ಬಿಡಿಸಿ ನೋಡಿ. ಹೆಂಗಸರ ಸಂಖ್ಯೆ 14,783ರಿಂದ 14,976ಕ್ಕೆ ಕೊಂಚ ಏರಿದೆ. ಗಂಡಸರ ಸಂಖ್ಯೆ 18,441ರಿಂದ 16,588ಕ್ಕೆ ಇಳಿದಿದೆ. ಚಳಿ ಗಂಡಸು, ಹೆಂಗಸು ಎಂದು ಭೇದ ಮಾಡುವುದಿಲ್ಲ. ಭೇದ ಮಾಡುವುದು ಕೆಲಸ. ರಸ್ತೆ ಕೆಲಸಕ್ಕೆಂದು ಹೊರಗಿನಿಂದ ಬರುವ, ಹೋಗುವ ಕೂಲಿಗಳಲ್ಲಿ ಹೆಚ್ಚಿನವರು ಗಂಡಸರು. ಸಾವಿರ ಗಂಡಸರಿಗೆ 903 ಹೆಂಗಸರು ಎಂಬ ಅಂಕಿ ನೋಡಿ ಅಲ್ಲಿ ಹೆಣ್ಣುಮಕ್ಕಳು ಬೇಡವಾಗಿದ್ದಾರೆ ಎಂದು ತೀರ್ಮಾನಿಸಿದರೆ ಅದೂ ಸರಿಯಲ್ಲ. ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 1,033 ಹೆಣ್ಣು. ಇಡೀ ದೇಶವೇ ತಲೆಬಾಗಬೇಕಾದ ಅಂಕಿ ಇದು!

ಇದೇ ಹತ್ತು ವರ್ಷದಲ್ಲಿ ನಮ್ಮ ಪಕ್ಕದಲ್ಲೇ ಇನ್ನೊಂದು ಊರಿನಲ್ಲೂ ಜನ ಕಡಿಮೆಯಾದರು. ಅದು ಭದ್ರಾವತಿ. 2001ರಲ್ಲಿ ಸುಮಾರು 1 ಲಕ್ಷ 60 ಸಾವಿರ ಇದ್ದ ಪಟ್ಟಣದ ಜನಸಂಖ್ಯೆ 2011ರಲ್ಲಿ ಸುಮಾರು 1 ಲಕ್ಷ 51 ಸಾವಿರಕ್ಕೆ ಇಳಿಯಿತು. ಶೇಕಡಾವಾರು ಲೆಕ್ಕ ಹಾಕಿದರೆ ಲಾಹೌಲ್-ಸ್ಪಿತಿಗಿಂತ ಹೆಚ್ಚಿನ ಇಳಿತ! ಭದ್ರಾವತಿಯಲ್ಲಿ ಹಿಮವಿಲ್ಲ, ನೀರಿಗೆ ಬರವಿಲ್ಲ, ರೈಲಿದೆ, ಹೆದ್ದಾರಿಯಿದೆ. ಆದರೆ 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಈ ಎರಡೇ ಕಂಬಗಳ ಮೇಲೆ ಊರಿನ ಚಪ್ಪರ ನಿಂತಿತ್ತು. ಕಂಬಗಳು ಸವೆಯತೊಡಗಿದಾಗ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು. ಮುಂದೆ ಕಾಗದದ ಕಾರ್ಖಾನೆ ಉತ್ಪಾದನೆಯನ್ನೇ ನಿಲ್ಲಿಸಿತು.

ಇಲ್ಲಿದೆ ಆ ಉಳಿದರ್ಧ ಉತ್ತರ. ಒಂದು ಸೀಮೆಯಲ್ಲಿ ಎಷ್ಟು ಜನ ಇರಬಲ್ಲರು ಎಂಬುದನ್ನು ಬೆಟ್ಟ ಮತ್ತು ಹವೆ ಮೊದಲು ಗೊತ್ತುಮಾಡುತ್ತವೆ. ಇದ್ದವರು ಉಳಿಯುತ್ತಾರೋ ಹೊರಡುತ್ತಾರೋ ಎಂಬುದನ್ನು ಗೊತ್ತುಮಾಡುವುದು ದುಡಿಮೆ ಮತ್ತು ದಾರಿ.

ಸುರಂಗ ಮತ್ತು ಸೇತುವೆ

ದಾರಿಯ ಬೆಲೆ ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹರಡಿದಾಗ ಸಾಗರ ತಾಲ್ಲೂಕಿನ ತುಮರಿ ಭಾಗದ ಹಳ್ಳಿಗಳು ಆಚೆ ದಡದಲ್ಲಿ ಉಳಿದವು. ಆಸ್ಪತ್ರೆ, ಕಾಲೇಜು, ಸಂತೆ, ಎಲ್ಲಕ್ಕೂ ಹೊಳೆಬಾಗಿಲಿನ ಲಾಂಚ್ ಕಾಯಬೇಕು. ಸಂಜೆಯ ಲಾಂಚ್ ತಪ್ಪಿದರೆ ಸಾಗರ ಎಷ್ಟು ಹತ್ತಿರವಿದ್ದರೇನು? 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು.

ಲಾಹೌಲಿನಲ್ಲಿ ನೀರಿನ ಬದಲು ಹಿಮ. ರೋಹ್ತಾಂಗ್ ದಾರಿ ವರ್ಷದಲ್ಲಿ ಸುಮಾರು ಆರು ತಿಂಗಳು ಮುಚ್ಚಿರುತ್ತಿತ್ತು. ಹೆರಿಗೆ, ಕಾಯಿಲೆ ಎಂದರೆ ಹೆಲಿಕಾಪ್ಟರ್ ಬರುವುದನ್ನು ಕಾಯಬೇಕಿತ್ತು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆಯಿತು. ಲಾಹೌಲ್ ಚಳಿಗಾಲದಲ್ಲೂ ಮನಾಲಿಗೆ ಹತ್ತಿರವಾಯಿತು. ಸ್ಪಿತಿಗೆ ಆ ಭಾಗ್ಯ ಬಂದಿಲ್ಲ. ಚಳಿಗಾಲದಲ್ಲಿ ಕುಂಜುಮ್ ಮುಚ್ಚಿದಾಗ ಕಾಜಾದವರು ತಮ್ಮದೇ ಜಿಲ್ಲಾ ಕೇಂದ್ರಕ್ಕೆ ಹೋಗಲು ಕಿನ್ನೌರ್ ಕಡೆಯಿಂದ ಸುತ್ತುಹಾಕಬೇಕು.

ದಾರಿ ತೆರೆದರೆ ಎಲ್ಲ ಸರಿಹೋಯಿತೆ? ಸುರಂಗದಿಂದ ಬಟಾಣಿ ಬೇಗ ಹೊರಹೋಗುತ್ತದೆ, ರೋಗಿ ಬೇಗ ಆಸ್ಪತ್ರೆ ಸೇರುತ್ತಾನೆ. ಅದೇ ಸುರಂಗದಿಂದ ಪ್ರವಾಸಿಗರ ಸಾಲು ಸಾಲು ಕಾರುಗಳೂ ಪ್ಲಾಸ್ಟಿಕ್ ಕಸವೂ ಒಳಬರುತ್ತವೆ. ಹಿಮ ಕಡಿಮೆ ಬಿದ್ದ ವರ್ಷ ಕೂಲ್‌ಗಳು ಸೊರಗುತ್ತವೆ. ಹೊಲ ಬಿಟ್ಟು ಎಲ್ಲರೂ ಹೋಟೆಲ್ ಕಟ್ಟಿದರೆ ಮತ್ತೆ ಒಂದೇ ಕಂಬದ ಚಪ್ಪರ. ಸೇತುವೆಯಾಚೆಯ ನಮ್ಮ ಸಿಗಂದೂರು, ತುಮರಿ ಕಡೆಯೂ ಇದೇ ಪ್ರಶ್ನೆ ಏಳುವ ದಿನ ದೂರವಿಲ್ಲ.

ತಂದೆ-ತಾಯಿಯರೇ, ಮಗ ಅಥವಾ ಮಗಳು ಓದಿ ಹೊರಊರಿಗೆ ಹೋಗುವುದು ತಪ್ಪಲ್ಲ. ಲಾಹೌಲಿನ ಮಕ್ಕಳೂ ಓದಲೆಂದು ಕುಲ್ಲು, ಚಂಡೀಗಢಕ್ಕೆ ಹೋಗುತ್ತಾರೆ. ಆದರೆ ಊರಿಗೆ ಮರಳಬೇಕೆಂದು ಮನಸ್ಸು ಮಾಡಿದವರಿಗೆ ಊರಿನಲ್ಲಿ ಒಂದು ಕೆಲಸ ಕಾದಿರಬೇಕಲ್ಲವೆ? ಇದನ್ನು ಮಕ್ಕಳ ಜೊತೆ ಕೂತು ಮಾತಾಡಿ.

ಈ ವಾರ ಮಾಡಿ ನೋಡಿ

ವಿದ್ಯಾರ್ಥಿಗಳೇ, ನಿಮ್ಮ ಬೀದಿಯ ಹತ್ತು ಮನೆಗಳನ್ನು ಆರಿಸಿಕೊಳ್ಳಿ. ದೊಡ್ಡವರ ಅನುಮತಿ ಪಡೆದು ಮೂರು ಪ್ರಶ್ನೆ ಕೇಳಿ: ಈ ಮನೆಯವರು ಎಲ್ಲಿಂದ ಬಂದರು? ಯಾವ ಕೆಲಸಕ್ಕಾಗಿ ಬಂದರು? ಈ ಮನೆಯಿಂದ ಯಾರು, ಎಲ್ಲಿಗೆ, ಏಕೆ ಹೋದರು? ಉತ್ತರಗಳನ್ನು ಪಟ್ಟಿ ಮಾಡಿ, ಬಂದವರನ್ನೂ ಹೋದವರನ್ನೂ ನಕಾಶೆಯಲ್ಲಿ ಬಾಣದ ಗುರುತಿನಿಂದ ತೋರಿಸಿ. ಗಂಡಸರೆಷ್ಟು, ಹೆಂಗಸರೆಷ್ಟು ಎಂದು ಬೇರೆ ಬೇರೆ ಬರೆಯುವುದನ್ನು ಮರೆಯಬೇಡಿ. ಪಟ್ಟಿಯನ್ನು ನಿಮ್ಮ ಸಮಾಜ ವಿಜ್ಞಾನದ ಮೇಷ್ಟ್ರಿಗೆ ತೋರಿಸಿ, ತರಗತಿಯ ಉಳಿದವರ ಪಟ್ಟಿಗಳ ಜೊತೆ ಸೇರಿಸಿ ನೋಡಿ.