ಬಂದೂಕು ಇಳಿಯುವ ಮೊದಲೇ ಮಾತಿಗೆ ಕೂರಿಸಿದ ಪಾದ್ರಿ

1988ರ ಮಾರ್ಚ್ 19. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಶಸ್ತ್ರ ಹಿಡಿದಿದ್ದ ಐರಿಷ್ ರಿಪಬ್ಲಿಕನ್ ಆರ್ಮಿಯ (ಐಆರ್‌ಎ) ಸದಸ್ಯನೊಬ್ಬನ ಶವಯಾತ್ರೆ ಸಾಗಿತ್ತು. ಮಫ್ತಿಯಲ್ಲಿದ್ದ ಇಬ್ಬರು ಬ್ರಿಟಿಷ್ ಸೈನಿಕರು, ಡೆರೆಕ್ ವುಡ್ ಮತ್ತು ಡೇವಿಡ್ ಹೌಸ್, ಕಾರಿನಲ್ಲಿ ಬಂದು ಅದರ ನಡುವೆ ಸಿಕ್ಕಿಬಿದ್ದರು. ಮೂರು ದಿನಗಳ ಹಿಂದಷ್ಟೇ ಇಂಥದೇ ಶವಸಂಸ್ಕಾರದ ಮೇಲೆ ಗ್ರೆನೇಡ್ ದಾಳಿಯಾಗಿ ಮೂವರು ಸತ್ತಿದ್ದರು. ಇದೂ ಅಂಥದೇ ದಾಳಿ ಎಂದುಕೊಂಡ ಗುಂಪು ಇಬ್ಬರನ್ನೂ ಹೊರಗೆಳೆದು ಬಡಿಯತೊಡಗಿತು. ಪಾದ್ರಿಯೊಬ್ಬರು ಅವರಿಬ್ಬರ ನಡುವೆ ಮಲಗಿ, ಒಂದೊಂದು ಕೈಯಲ್ಲಿ ಒಬ್ಬೊಬ್ಬರನ್ನು ತಬ್ಬಿ, ಆಂಬುಲೆನ್ಸ್ ಕರೆಸಿ ಎಂದು ಅಂಗಲಾಚಿದರು. ಏಳದಿದ್ದರೆ ನಿನಗೂ ಗುಂಡು ಎಂದು ಬೆದರಿಸಿ ಅವರನ್ನು ಎಬ್ಬಿಸಿ ದೂಡಿದರು. ಸ್ವಲ್ಪ ಹೊತ್ತಿನಲ್ಲೇ ಹತ್ತಿರದ ಪಾಳು ಜಾಗದಲ್ಲಿ ಗುಂಡಿನ ಸದ್ದು ಕೇಳಿತು. ಓಡಿಹೋದ ಪಾದ್ರಿ ಬಾಯಿಗೆ ಬಾಯಿಟ್ಟು ಉಸಿರು ತುಂಬಲು ನೋಡಿದರು. ಕೊನೆಗೆ ಉಳಿದದ್ದು ತೈಲ ಹಚ್ಚಿ ಅಂತಿಮ ಪ್ರಾರ್ಥನೆ ಹೇಳುವುದಷ್ಟೇ.

ಹೆಣದ ಪಕ್ಕ ಮೊಣಕಾಲೂರಿ ಕೂತ, ತುಟಿಗೆ ರಕ್ತ ಮೆತ್ತಿದ ಆ ಪಾದ್ರಿಯ ಫೋಟೊ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅವರು ಫಾದರ್ ಅಲೆಕ್ ರೀಡ್. ಫೋಟೊದಲ್ಲಿ ಕಾಣದ ಸಂಗತಿಯೊಂದಿದೆ. ಆ ಹೊತ್ತಿನಲ್ಲಿ ಅವರ ಬಳಿ ಒಂದು ಲಕೋಟೆಯಿತ್ತು. ಐಆರ್‌ಎಯ ರಾಜಕೀಯ ಮುಖವಾದ ಶಿನ್ ಫೇನ್ ಪಕ್ಷ, ಹಿಂಸೆಯನ್ನು ಒಪ್ಪದ ಎಸ್‌ಡಿಎಲ್‌ಪಿ ಪಕ್ಷದ ನಾಯಕ ಜಾನ್ ಹ್ಯೂಮ್ ಅವರಿಗೆ ಕಳಿಸಿದ್ದ ಗುಪ್ತ ಟಿಪ್ಪಣಿ ಅದರಲ್ಲಿತ್ತು. ಲಕೋಟೆಗೆ ರಕ್ತ ತಾಗಿತ್ತು. ರೀಡ್ ಹೊಸ ಲಕೋಟೆಗೆ ಅದನ್ನು ಹಾಕಿ ಡೆರಿ ಪಟ್ಟಣಕ್ಕೆ ಹೋಗಿ ತಲುಪಿಸಿದರು.

ರೀಡ್ ಅವರನ್ನು ಗೌರವಿಸುವವರು ಸಾಮಾನ್ಯವಾಗಿ ಫೋಟೊದ ಕರುಣೆಯನ್ನು ಹೊಗಳಿ ಸುಮ್ಮನಾಗುತ್ತಾರೆ. ಆ ಕರುಣೆಯ ಬಗ್ಗೆ ತಕರಾರು ಎತ್ತುವವರು ಯಾರೂ ಇರಲಾರರು. ತಕರಾರು ಎದ್ದದ್ದು ಲಕೋಟೆಯ ಬಗ್ಗೆ. ಕೊಲೆಗಡುಕರ ಜೊತೆ ನಂಟು ಇಟ್ಟುಕೊಂಡವರ ಪತ್ರವನ್ನು ಅದೇ ದಿನ ಒಯ್ಯುವುದೆಂದರೇನು? ಗೌರವ ಸಲ್ಲಬೇಕಾದದ್ದು ಮುಖ್ಯವಾಗಿ ಈ ಕೆಲಸಕ್ಕೇ.

1931ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ, ಟಿಪರೇರಿಯ ನೀನಾ ಪಟ್ಟಣದಲ್ಲಿ ಬೆಳೆದ ರೀಡ್ ರಿಡೆಂಪ್ಟರಿಸ್ಟ್ ಎಂಬ ಕ್ಯಾಥೊಲಿಕ್ ಸಭೆಯ ಗುರುಗಳು. ದಶಕಗಳ ಕಾಲ ಬೆಲ್‌ಫಾಸ್ಟ್‌ನ ಕ್ಲೊನಾರ್ಡ್ ಮಠವೇ ಅವರ ಮನೆಯಾಗಿತ್ತು. ಮಠದ ಒಂದು ಬದಿಗೆ ಕ್ಯಾಥೊಲಿಕರ ಫಾಲ್ಸ್ ರಸ್ತೆ, ಇನ್ನೊಂದು ಬದಿಗೆ ಪ್ರೊಟೆಸ್ಟಂಟರ ಶಾಂಕಿಲ್. 1969ರ ಆಗಸ್ಟ್‌ನಲ್ಲಿ ಮಠಕ್ಕೆ ಅಂಟಿಕೊಂಡಂತಿದ್ದ ಬಾಂಬೆ ಸ್ಟ್ರೀಟಿನ ಮನೆಗಳು ಬೆಂಕಿಗೆ ಆಹುತಿಯಾದವು. ಆಮೇಲೆ ಎರಡು ಬಡಾವಣೆಗಳ ನಡುವೆ ಎದ್ದ ಗೋಡೆ ಇಂದಿಗೂ ಇದೆ. ಬ್ರಿಟನ್ ಜೊತೆಗೇ ಇರಬೇಕೋ, ಐರ್ಲೆಂಡ್ ಸೇರಬೇಕೋ ಎಂಬ ಜಗಳದಲ್ಲಿ ಮೂರು ದಶಕಗಳಲ್ಲಿ ಸುಮಾರು 3,500 ಜನ ಸತ್ತರು. ಹೆಣಗಳ ಮುಂದೆ ಪ್ರಾರ್ಥನೆ ಹೇಳುವುದು ಆ ಮಠದವರಿಗೆ ದಿನನಿತ್ಯದ ಕೆಲಸದಂತಾಗಿತ್ತು.

1986ರಲ್ಲಿ ರೀಡ್ ಅವರು ಹ್ಯೂಮ್‌ಗೆ ಒಂದು ಪತ್ರ ಬರೆದು, ಶಿನ್ ಫೇನ್ ನಾಯಕ ಜೆರ್ರಿ ಆಡಮ್ಸ್ ಜೊತೆ ಮಾತಾಡಿ ಎಂದು ಕೇಳಿಕೊಂಡರು. ಡಬ್ಲಿನ್‌ನ ರಾಜಕಾರಣಿ ಚಾರ್ಲ್ಸ್ ಹಾಹಿ ಅವರ ಬಾಗಿಲನ್ನೂ ತಟ್ಟಿದರು. 1988ರ ಜನವರಿಯಲ್ಲಿ ಹ್ಯೂಮ್ ಮತ್ತು ಆಡಮ್ಸ್ ಮುಖಾಮುಖಿ ಕೂತರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಸರ್ಕಾರ ಶಿನ್ ಫೇನ್ ನಾಯಕರ ದನಿಯನ್ನೇ ಟೀವಿ, ರೇಡಿಯೊಗಳಿಂದ ನಿಷೇಧಿಸಿತು. ಪರದೆಯ ಮೇಲೆ ಆಡಮ್ಸ್ ತುಟಿ ಅಲ್ಲಾಡುತ್ತಿತ್ತು, ಮಾತು ಬಾಡಿಗೆ ನಟನದು! 1994ರವರೆಗೂ ಈ ನಾಟಕ ನಡೆಯಿತು.

ಟೀಕಿಸಿದವರ ಸಿಟ್ಟಿಗೂ ಕಾರಣವಿತ್ತು. ಮಾತುಕತೆ ನಡೆಯುತ್ತಿದ್ದಾಗಲೂ ಬಾಂಬುಗಳು ನಿಂತಿರಲಿಲ್ಲ. 1993ರ ಅಕ್ಟೋಬರ್‌ನಲ್ಲಿ ಶಾಂಕಿಲ್ ರಸ್ತೆಯ ಮೀನಿನಂಗಡಿಯಲ್ಲಿ ಐಆರ್‌ಎ ಇಟ್ಟ ಬಾಂಬ್ ಒಂಬತ್ತು ಜನರ ಜೀವ ತೆಗೆಯಿತು. ಬಾಂಬ್ ಒಯ್ದವನೂ ಅದರಲ್ಲೇ ಸತ್ತ. ಅವನ ಶವಪೆಟ್ಟಿಗೆಗೆ ಆಡಮ್ಸ್ ಹೆಗಲು ಕೊಟ್ಟರು. ಇಂಥವನ ಜೊತೆ ಎಂಥ ಮಾತು ಎಂದು ಸತ್ತವರ ಮನೆಯವರು ಕೇಳಿದರೆ ಅದಕ್ಕೆ ಸುಲಭದ ಉತ್ತರವಿಲ್ಲ. ಹ್ಯೂಮ್ ಅವರನ್ನು ಡಬ್ಲಿನ್‌ನ ಪತ್ರಿಕೆಗಳು ವಾರಗಟ್ಟಲೆ ಝಾಡಿಸಿದವು. ಆಡಮ್ಸ್ ಜೊತೆ ಮಾತಾಡುವುದೆಂದರೆ ಹೊಟ್ಟೆ ತೊಳಸುತ್ತದೆ ಎಂಬರ್ಥದ ಮಾತನ್ನು ಬ್ರಿಟನ್ ಪ್ರಧಾನಿ ಜಾನ್ ಮೇಜರ್ ಸಂಸತ್ತಿನಲ್ಲೇ ಆಡಿದರು. ಆ ಮಾತಾಡಿದ ತಿಂಗಳಲ್ಲೇ, ಅವರ ಸರ್ಕಾರವೇ ಐಆರ್‌ಎ ಜೊತೆ ಗುಟ್ಟಾಗಿ ಸಂಪರ್ಕ ಇಟ್ಟುಕೊಂಡಿದ್ದು ಬಯಲಾಯಿತು. ಸರ್ಕಾರ ಕದ್ದು ಮಾಡುತ್ತಿದ್ದುದನ್ನು ರೀಡ್ ಆತ್ಮಸಾಕ್ಷಿಯ ಮಾತಾಗಿ ಮಾಡುತ್ತಿದ್ದರು. ವ್ಯತ್ಯಾಸ ಅಷ್ಟೇ.

ಅವರನ್ನು ಸಂತನ ಪೀಠಕ್ಕೇರಿಸುವುದೂ ಬೇಡ. 2005ರಲ್ಲಿ ಬೆಲ್‌ಫಾಸ್ಟ್‌ನ ಸಭೆಯೊಂದರಲ್ಲಿ ತಾಳ್ಮೆ ಕಳೆದುಕೊಂಡು, ಕ್ಯಾಥೊಲಿಕರನ್ನು ಯೂನಿಯನಿಸ್ಟರು (ಬ್ರಿಟನ್ ಜೊತೆಗೇ ಇರಬೇಕೆನ್ನುವವರು) ನಡೆಸಿಕೊಂಡ ರೀತಿಯನ್ನು ನಾಜಿಗಳಿಗೆ ಹೋಲಿಸಿಬಿಟ್ಟರು. ಆಮೇಲೆ ಕ್ಷಮೆ ಕೇಳಿದರು. ಅದಾಗಿದ್ದು ಐಆರ್‌ಎ ಆಯುಧಗಳನ್ನು ನಿಷ್ಕ್ರಿಯಗೊಳಿಸಿದ್ದಕ್ಕೆ ಪ್ರೊಟೆಸ್ಟಂಟ್ ಪಾದ್ರಿ ಹೆರಾಲ್ಡ್ ಗುಡ್ ಜೊತೆಗೆ ಅವರು ಸಾಕ್ಷಿ ನುಡಿದ ಕೆಲವೇ ದಿನಗಳಲ್ಲಿ. ಎರಡೂ ಕಡೆಯ ನಂಬಿಕೆ ಬೇಕಿದ್ದವರ ಬಾಯಿಂದ ಅಂಥ ಮಾತು ಬಂದದ್ದು ದೊಡ್ಡ ಎಡವಟ್ಟೇ. ಆದರೂ ಹೆರಾಲ್ಡ್ ಗುಡ್ ಅವರ ಜೊತೆಗಿನ ಗೆಳೆತನ ಮುರಿಯಲಿಲ್ಲ.

1998ರ ನೊಬೆಲ್ ಶಾಂತಿ ಪ್ರಶಸ್ತಿ ಹ್ಯೂಮ್ ಮತ್ತು ಯೂನಿಯನಿಸ್ಟ್ ನಾಯಕ ಡೇವಿಡ್ ಟ್ರಿಂಬಲ್ ಅವರಿಗೆ ಹೋಯಿತು. ಪ್ರಶಸ್ತಿ ನ್ಯಾಯವಾದದ್ದೇ. ಆದರೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವರು ಕಾಣುತ್ತಾರೆ, ಟೇಬಲ್ಲಿಗೆ ಕರೆತಂದವರು ಕಾಣುವುದಿಲ್ಲ. ರೀಡ್ 2013ರ ನವೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ ತೀರಿಕೊಂಡರು. ಅದಕ್ಕೂ ಮುಂಚೆ ಸ್ಪೇನಿನ ಬಾಸ್ಕ್ ಪ್ರಾಂತ್ಯಕ್ಕೆ ಹೋಗಿ ಅಲ್ಲಿಯ ಸಂಧಾನಕ್ಕೂ ಕೈ ಹಾಕಿದ್ದರು.

ಅವರ ಸ್ಮರಣೆಗೆ ಪ್ರತಿಮೆಗಿಂತ ಹೆಚ್ಚು ಕೆಲಸಕ್ಕೆ ಬರುವುದು ನಾಲ್ಕು ಇಸವಿಗಳು. 1986ರಲ್ಲಿ ಪತ್ರ, 1994ರಲ್ಲಿ ಕದನವಿರಾಮ, 1998ರಲ್ಲಿ ಗುಡ್ ಫ್ರೈಡೇ ಒಪ್ಪಂದ, 2005ರಲ್ಲಿ ಆಯುಧ ತ್ಯಾಗ. ಮೊದಲು ಶಸ್ತ್ರ ಕೆಳಗಿಡಲಿ, ಆಮೇಲೆ ಮಾತು ಎಂದು ಪಟ್ಟು ಹಿಡಿಯುವ ಯಾವ ದೇಶದ ಆಡಳಿತಗಾರರಾದರೂ ಈ ಅನುಕ್ರಮವನ್ನೊಮ್ಮೆ ನೋಡಬೇಕು. ಬೆಲ್‌ಫಾಸ್ಟ್‌ನಲ್ಲಿ ಶಸ್ತ್ರ ಕೆಳಗಿಳಿದದ್ದು ಎಲ್ಲಕ್ಕಿಂತ ಕೊನೆಗೆ, ರೀಡ್ ಹ್ಯೂಮ್‌ಗೆ ಪತ್ರ ಬರೆದ ಹತ್ತೊಂಬತ್ತು ವರ್ಷಗಳ ಮೇಲೆ.