ಮಗುವಿಗಿಲ್ಲದ ಆತುರ ಅಪ್ಪನಿಗೇಕೆ?

ಮಗಳು ನೆಟ್ಟಗೆ ಕೈಯೂರಿ ನಿಲ್ಲುವುದು ಕಲಿತಿರುವುದಿಲ್ಲ, ಅಷ್ಟರಲ್ಲೇ "ಸ್ಟೇಟ್ ಲೆವೆಲ್‌ಗೆ ಯಾವಾಗ ಕಳಿಸ್ತೀರಿ ಸಾರ್?" ಎಂದು ಜಿಮ್ನಾಸ್ಟಿಕ್ಸ್ ಮೇಷ್ಟರನ್ನು ಕೇಳುವವರಿದ್ದಾರೆ. ಕೇಳುವುದು ಮಗುವಲ್ಲ, ಅಪ್ಪ. ಮೇಷ್ಟರಿಗೂ ಪದಕ ಬೇಕು, ಶಾಲೆಯವರಿಗೆ ಗೇಟಿನ ಮುಂದೆ ಕಟ್ಟಲು ಫ್ಲೆಕ್ಸು ಬೇಕು. ಬೀಳುವ ಪಾಡು ಮಾತ್ರ ಮಗುವಿನದು.

ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ಗುಂಪು ಮಾಡುವುದು ವಯಸ್ಸು ನೋಡಿ: 14, 17, 19ರ ಒಳಗೆ. ಕಲಿಯಲು ಶುರುಮಾಡಿ ಒಂದು ವರ್ಷವಾದವಳೂ ಏಳು ವರ್ಷವಾದವಳೂ ನಿಲ್ಲುವುದು ಒಂದೇ ಸಾಲಿನಲ್ಲಿ. ಅಮೆರಿಕದವರು ಹುಡುಗಿಯರಿಗೆ ಒಂದರಿಂದ ಹತ್ತರವರೆಗೆ ಮೆಟ್ಟಿಲು ಕಟ್ಟಿದ್ದಾರೆ, ಕಲಿತಷ್ಟೇ ಮೇಲೇರಬೇಕು. ಪಕ್ಕದಲ್ಲೇ ಎಕ್ಸೆಲ್ ಎಂಬ ಇನ್ನೊಂದು ಹಗುರ ಹಾದಿ ಉಂಟು. ಅಲ್ಲಿ ಸ್ಪರ್ಧೆಯೂ ಇದೆ, ಓದಿಗೂ ಆಟಕ್ಕೂ ಬಿಡುವೂ ಸಿಗುತ್ತದೆ. ನಮ್ಮ ಶಾಲಾ ಕೂಟದಲ್ಲಿ ಅಂಥ ಮೆಟ್ಟಿಲಿಲ್ಲದ ಮೇಲೆ ಆ ಲೆಕ್ಕವನ್ನು ಹೆತ್ತವರೇ ಹಾಕಬೇಕು.

ಲೆಕ್ಕ ಅಂಗಡಿಯವರಿಗೆ ಹೊಸದೇನಲ್ಲ. ಈ ಆಟದಲ್ಲಿ ಒಂದು ಕಷ್ಟದ ಪಟ್ಟು ಸೇರಿಸಿದರೆ ಬರುವ ಲಾಭ ಅಂಕದ ಕೆಲವೇ ಹತ್ತನೇ ಭಾಗ. ಬಿದ್ದರೆ ಪೂರ್ತಿ ಒಂದು ಅಂಕ ಖೋತಾ. ಚಿಕ್ಕ ಪಟ್ಟುಗಳನ್ನೇ ಅಚ್ಚುಕಟ್ಟಾಗಿ ಮಾಡಿದ ಮಗು, ದೊಡ್ಡದಕ್ಕೆ ಕೈಹಾಕಿ ಬಿದ್ದವಳಿಗಿಂತ ಮುಂದೆ ನಿಂತರೆ ಆಶ್ಚರ್ಯವಿಲ್ಲ. ಇನ್ನು ಬೀಮ್ ಎಂಬ ತೊಲೆಯ ಅಗಲ ಬರೀ 10 ಸೆಂಟಿಮೀಟರ್, ಎತ್ತರ 125. ಅದರ ಮೇಲೆ ಹಿಂದಕ್ಕೆ ಪಲ್ಟಿ ಹೊಡೆ ಎನ್ನುವವರು ಕೆಳಗೆ ದಪ್ಪ ಮ್ಯಾಟು ಹಾಸಿದ್ದಾರೋ, ಇಲ್ಲಾ ಹಳೇ ಜಮಖಾನವೋ? ಅದನ್ನಾದರೂ ಹೋಗಿ ನೋಡಬೇಕಲ್ಲ. ಬೆಳೆಯುವ ಮಕ್ಕಳ ಮಣಿಕಟ್ಟಿನ ಮೂಳೆಯ ತುದಿ ಇನ್ನೂ ಎಳಸು. ದಿನಾ ಕೈ ನೋವು ಎಂದರೆ ಎಣ್ಣೆ ತಿಕ್ಕಿ ಮತ್ತೆ ಅಭ್ಯಾಸಕ್ಕೆ ಕಳಿಸುವುದಲ್ಲ, ಡಾಕ್ಟರಿಗೆ ತೋರಿಸಬೇಕು.

ಅಷ್ಟಕ್ಕೂ ಈ ಅವಸರ ಎಲ್ಲಿಗೆ? 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಹತ್ತಕ್ಕೆ ಹತ್ತು ಪಡೆದ ನಾಡಿಯಾ ಕೊಮನೆಚಿಗೆ 14 ವರ್ಷ, ನಿಜ. ಆದರೆ 1997ರಿಂದ ಆ ವರ್ಷದೊಳಗೆ 16 ತುಂಬದ ಹುಡುಗಿಗೆ ಒಲಿಂಪಿಕ್ಸಿನ ಬಾಗಿಲೇ ತೆರೆಯುವುದಿಲ್ಲ. ಅಗರ್ತಲಾದ ದೀಪಾ ಕರ್ಮಾಕರ್ 2016ರಲ್ಲಿ ರಿಯೋದ ವಾಲ್ಟ್ ಸ್ಪರ್ಧೆಯಲ್ಲಿ ನಾಲ್ಕನೆಯವರಾದಾಗ 23 ವರ್ಷ. ಕಂಚು ತಪ್ಪಿದ್ದು 0.150 ಅಂಕದಲ್ಲಿ. ಆಮೇಲೆ ಮೊಣಕಾಲಿನ ಆಪರೇಷನ್ನೂ ಆಯಿತು. ಆದರೂ 2024ರಲ್ಲಿ ತಾಷ್ಕೆಂಟ್‌ನಲ್ಲಿ ಏಷ್ಯನ್ ಚಿನ್ನ ಗೆದ್ದರು, ಆಗ ವಯಸ್ಸು 30. ಹೀಗಿರುವಾಗ ಒಂಬತ್ತರ ಹುಡುಗಿಗೆ ಯಾವ ಬಸ್ಸು ತಪ್ಪಿಹೋಗುತ್ತದೆಯಂತೆ?

ಜಿಲ್ಲೆಯ ಕ್ರೀಡಾ ಇಲಾಖೆಯವರು ಮುಂದಿನ ಕೂಟದಲ್ಲಿ ಕಲಿಕೆಯ ವರ್ಷ ನೋಡಿ ಹೊಸಬರದೇ ಒಂದು ಗುಂಪು ಮಾಡಲಿ. ಅದಕ್ಕೆ ಅನುದಾನವೇನೂ ಬೇಡ, ಅರ್ಜಿ ಫಾರಂನಲ್ಲಿ ಇನ್ನೊಂದು ಕಾಲಂ ಸಾಕು.