ಹೋರಿಗಿರುವ ವಿಶ್ರಾಂತಿ ಪೈಲ್ವಾನನಿಗೆ ಯಾಕಿಲ್ಲ?

ದೀಪಾವಳಿ ಬಂತೆಂದರೆ ನಮ್ಮ ಹಾವೇರಿ ಸೀಮೆಯಲ್ಲಿ ಹೋರಿಯದೇ ಮಾತು. ಕೊಬ್ಬರಿ ಸರ ಕಟ್ಟಿಕೊಂಡು ಜನರ ನಡುವೆ ನುಗ್ಗಿ ಓಡುವ ಈ ಹೋರಿಗಳಿಗೆ ಹೆಸರಿದೆ, ಅಭಿಮಾನಿ ಬಳಗವಿದೆ, ಫ್ಲೆಕ್ಸ್ ಇದೆ, ಗೆದ್ದರೆ ಬೈಕು, ಬಂಗಾರದ ಬಹುಮಾನವಿದೆ. ಆದರೂ ರಾಣೇಬೆನ್ನೂರಿನಲ್ಲಿ ಓಡಿದ ಹೋರಿಯನ್ನು ಮುಂದಿನ ವಾರ ಬ್ಯಾಡಗಿಯಲ್ಲಿ ಬಿಡಬೇಕೋ ಬೇಡವೋ ಎಂದು ಮನೆಯವರು ಕೂತು ಲೆಕ್ಕ ಹಾಕುತ್ತಾರೆ. ಮೇವು ಸರಿಯಾಗಿ ತಿನ್ನುತ್ತಿದೆಯೇ, ಹೋದ ಸಲ ಪೆಟ್ಟಾದ ಕಡೆ ಬಾವು ಇಳಿದಿದೆಯೇ ಎಂದು ಮೈಮೇಲೆ ಕೈಯಾಡಿಸಿ ನೋಡುತ್ತಾರೆ. ಒಂದು ಕಾಲು ಎಳೆದರೆ ಸಾಕು, ‘ಈ ವರ್ಷ ಬಿಡೂದ ಬ್ಯಾಡ’ ಎನ್ನುತ್ತಾರೆ. ಹಾಗೆಂದ ಮನೆಯವರನ್ನು ಯಾರೂ ಹೇಡಿಗಳೆಂದು ಕರೆಯುವುದಿಲ್ಲ.

ಹೋರಿ ಹಬ್ಬದಲ್ಲಿ ಜನ ಸತ್ತಿದ್ದಾರೆ. ಅದನ್ನು ಸಮರ್ಥಿಸಲು ನಾನಿದನ್ನು ಬರೆಯುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ಹೋರಿಗೆ ತೋರಿಸುವ ಈ ಎಚ್ಚರವನ್ನು ಅದೇ ಜನ ತಮ್ಮೂರಿನ ಕುಸ್ತಿ ಹುಡುಗನಿಗೆ ಯಾಕೆ ತೋರಿಸುವುದಿಲ್ಲ?

ಜಾತ್ರೆಯ ಮಣ್ಣಿನ ಕುಸ್ತಿಯಲ್ಲಿ ತೂಕದ ವರ್ಗವಿಲ್ಲ. ಹಿರಿಯರು ಕಣ್ಣಂದಾಜಿನಲ್ಲಿ ಜೋಡಿ ಹಚ್ಚುತ್ತಾರೆ. ಸಣ್ಣ ಹುಡುಗರ ಕುಸ್ತಿಯಿಂದ ಶುರುವಾಗಿ ಬೆಳ್ಳಿ ಗದೆಯ ಕೊನೆಯ ಜೋಡಿಯವರೆಗೆ ಹಣ ಏರುತ್ತಾ ಹೋಗುತ್ತದೆ. ಎರಡು ಮೂರು ವರ್ಷ ಸಾಲಾಗಿ ಗೆದ್ದ ಹುಡುಗನ ಹೆಸರು ಕೊನೆಯ ಜೋಡಿಗೆ ಬರುತ್ತದೆ. ಅವನ ಕಷ್ಟ ಶುರುವಾಗುವುದೂ ಅಲ್ಲೇ.

ನಮ್ಮ ದೊಡ್ಡಪ್ಪನ ಮಗ ಹಾಗೆ ಮೇಲೆ ಬಂದವನು. ಆರು ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ತನಗಿಂತ ದಪ್ಪನೆಯ ಪೈಲ್ವಾನನ ಜೊತೆ ಅರ್ಧ ಗಂಟೆ ಹಿಡಿದ. ಇಬ್ಬರೂ ಚಿತ್ ಆಗಲಿಲ್ಲ. ಸಮಸಮ ಎಂದು ಬಿಡಿಸಿದರು. ಅವತ್ತು ಅಣ್ಣನ ಮೊಣಕಾಲು ತಿರುಚಿತ್ತು. ‘ಆರು ತಿಂಗ್ಳ ಮಣ್ಣ ಮುಟ್ಟಬ್ಯಾಡ’ ಎಂದು ಉಸ್ತಾದರು ಹೇಳಿದರು. ಎರಡೇ ತಿಂಗಳಿಗೆ ಇನ್ನೊಂದು ಊರಿನ ಜಾತ್ರಾ ಕಮಿಟಿ ಅದೇ ಜೋಡಿಯ ಮರುಕುಸ್ತಿ ಇಟ್ಟಿತು, ಹಣ ಎರಡು ಪಟ್ಟು. ಅಣ್ಣನನ್ನು ಕೇಳುವ ಮೊದಲೇ ಅವನ ಫೋಟೋ ಹಾಕಿ ಪೋಸ್ಟರ್ ಮಾಡಿಸಿದರು. ಆ ಪೋಸ್ಟರಿನ ಸಾಲು ಬರೆದದ್ದು ಆಗ ಎಂ.ಎ. ಓದುತ್ತಿದ್ದ ನಾನು. ‘ತಮ್ಮಾ, ನೀ ಛಲೋ ಬರೀತಿ, ಎರಡು ಸಾಲು ಬರದ ಕೊಡು’ ಎಂದಿದ್ದರು. ಹುಲಿ ಹಿಂದೆ ಸರಿಯುವುದಿಲ್ಲ ಎಂಬರ್ಥದ ಏನೋ ಬರೆದುಕೊಟ್ಟೆ. ಅಣ್ಣನ ಮೊಣಕಾಲಿನ ವಿಷಯ ನನಗೆ ಗೊತ್ತಿತ್ತು.

ಹೆಸರು ಅಚ್ಚಾದ ಮೇಲೆ ಹೋಗದಿದ್ದರೆ ಊರ ಮಾನ ಹೋಗುತ್ತದೆ. ಹೋದ. ನಾಲ್ಕನೇ ನಿಮಿಷಕ್ಕೆ ಅದೇ ಕಾಲು ಹೋಯಿತು. ಅಖಾಡದಲ್ಲಿ ಡಾಕ್ಟರ್ ಇರಲಿಲ್ಲ. ಗೆದ್ದವನಿಗೆ ಗದೆ, ಸೋತವನಿಗೆ ಹೋಗಿಬರುವ ಖರ್ಚು. ಈಗ ಅಣ್ಣ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ. ಚೀಲ ಎತ್ತುವ ಕೆಲಸ ಅವನಿಂದಾಗುವುದಿಲ್ಲ.

‘ಕುಸ್ತಿ ಅಂದಮೇಲೆ ಅಪಾಯ ಇದ್ದದ್ದೇ, ದೊಡ್ಡ ಹಣದ ಜೋಡಿ ಹಿಡಿಯದೆ ಬಡವರ ಹುಡುಗ ಮೇಲೆ ಬರೋದು ಹೇಗೆ?’ ಎಂದು ಕೇಳುವವರಿದ್ದಾರೆ. ಇದು ಸುಳ್ಳು ಮಾತಲ್ಲ. ಹಣಕ್ಕಾಗಿ ಕುಸ್ತಿ ಹಿಡಿಯುವುದು ತಪ್ಪು ಎಂದು ಹೊಟ್ಟೆ ತುಂಬಿದ ನಾವು ಹೇಳಬಾರದು. ತಪ್ಪಿರುವುದು ‘ಯಾವಾಗ’ ಎಂಬುದನ್ನು ಯಾರು ತೀರ್ಮಾನಿಸುತ್ತಾರೆ ಎನ್ನುವುದರಲ್ಲಿ. ಕಮಿಟಿಗೆ ಬೇಕಾದದ್ದು ಈ ಜಾತ್ರೆ. ಪೈಲ್ವಾನನಿಗೆ ಬೇಕಾದದ್ದು ಇನ್ನೂ ಹತ್ತು ಜಾತ್ರೆ.

ಮರುಕುಸ್ತಿಗೆ ಕಾದರೆ ಹೆಸರು ಕೆಡುತ್ತದೆ ಎನ್ನುವವರು ಗಾಮಾ ಪೈಲ್ವಾನನ ಕಥೆ ನೆನೆಯಲಿ. 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಗಾಮಾ ಮತ್ತು ಪೋಲೆಂಡಿನ ಜಿಬಿಸ್ಕೊ ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಹಿಡಿದರು, ತೀರ್ಮಾನವಾಗಲಿಲ್ಲ. ವಾರದ ನಂತರದ ಮರುಕುಸ್ತಿಗೆ ಜಿಬಿಸ್ಕೊ ಬರಲೇ ಇಲ್ಲ. ನಮ್ಮಲ್ಲಿ ಅವನನ್ನು ಓಡಿಹೋದವನೆಂದೇ ನಗುತ್ತಾರೆ. ಆದರೆ ಆತ 1921ರಲ್ಲಿ, ನಲವತ್ತು ದಾಟಿದ ಮೇಲೆ, ಅಮೆರಿಕದಲ್ಲಿ ವಿಶ್ವ ಹೆವಿವೇಟ್ ಪಟ್ಟ ಗೆದ್ದ. 1928ರಲ್ಲಿ ಪಟಿಯಾಲಕ್ಕೆ ಬಂದು ಗಾಮಾನ ಎದುರು ನಿಂತು, ಒಂದು ನಿಮಿಷದೊಳಗೆ ಸೋತ. ಹದಿನೆಂಟು ವರ್ಷ ತಡವಾದ ಆ ಮರುಕುಸ್ತಿಯಿಂದ ಇಬ್ಬರ ಹೆಸರೂ ಅಳಿಯಲಿಲ್ಲ.

ಹಾಗಾದರೆ ತೀರ್ಮಾನವನ್ನು ಪೈಲ್ವಾನನಿಗೇ ಬಿಟ್ಟರಾಯಿತೇ? ಸಾಲದು. ಮುಹಮ್ಮದ್ ಅಲಿ ನಿವೃತ್ತಿ ಹೇಳಿದ ಮೇಲೂ 38ರ ವಯಸ್ಸಿನಲ್ಲಿ, 1980ರ ಅಕ್ಟೋಬರಿನಲ್ಲಿ, ಒಂದು ಕಾಲಕ್ಕೆ ತನ್ನ ಅಭ್ಯಾಸದ ಜೊತೆಗಾರನಾಗಿದ್ದ ಲ್ಯಾರಿ ಹೋಮ್ಸ್ ಎದುರು ಭಾರೀ ಹಣಕ್ಕೆ ರಿಂಗಿಗಿಳಿದ. ಹತ್ತು ಸುತ್ತು ಏಟು ತಿಂದ ಮೇಲೆ ಅವನ ಕಡೆಯವರೇ ನಿಲ್ಲಿಸಬೇಕಾಯಿತು. ಮರುವರ್ಷ ಮತ್ತೆ ಇಳಿದ, ಮತ್ತೆ ಸೋತ. ಅಂಥವನಿಗೇ ತನ್ನ ಮಿತಿ ಕಾಣಲಿಲ್ಲ. ಇದಕ್ಕೆ ಎದುರಾಗಿ 1975ರ ಮನಿಲಾ ಪಂದ್ಯ ನೋಡಿ. ಅಲಿ ಮತ್ತು ಜೋ ಫ್ರೇಜಿಯರ್ ಮೂರನೇ ಸಲ ಎದುರಾಗಿದ್ದರು. ಹದಿನಾಲ್ಕನೇ ಸುತ್ತು ಮುಗಿದಾಗ ಫ್ರೇಜಿಯರನ ಕಣ್ಣು ಮುಚ್ಚಿಹೋಗಿತ್ತು. ಒಂದೇ ಸುತ್ತು ಉಳಿದಿತ್ತು, ಅವನು ಏಳಲು ಸಿದ್ಧನಿದ್ದ. ತರಬೇತುದಾರ ಎಡ್ಡಿ ಫಚ್ ಬಿಡಲಿಲ್ಲ. ನಮ್ಮ ಉಸ್ತಾದರೂ ಬೇಡ ಎಂದಿದ್ದರು. ಆದರೆ ಫಚ್‌ಗೆ ಇದ್ದ ಅಧಿಕಾರ ಅವರಿಗಿರಲಿಲ್ಲ.

ಇದರಲ್ಲಿ ಸಾಹಿತ್ಯ ಓದಿದ ನಮ್ಮ ಪಾಲೂ ಇದೆ. ಧರ್ಮರಾಯ ಐವರಲ್ಲಿ ಒಬ್ಬನನ್ನು ಆರಿಸಿಕೊ ಎಂದಾಗಲೂ ದುರ್ಯೋಧನ ಭೀಮನ ಎದುರೇ ನಿಂತ ಎಂದು ತರಗತಿಯಲ್ಲಿ ರನ್ನನ ‘ಗದಾಯುದ್ಧ’ ಓದುವಾಗ ರೋಮಾಂಚನಗೊಳ್ಳುತ್ತೇವೆ. ಅವನ ತೊಡೆ ಮುರಿಯಿತು ಎಂಬುದು ನಮಗೆ ಕಾವ್ಯದ ರಸ. ನನ್ನ ಸಂಶೋಧನೆ ವೀರಗಲ್ಲುಗಳ ಮೇಲೆ. ನಮ್ಮ ಜಿಲ್ಲೆಯ ಹೊಲ, ಕೆರೆದಂಡೆಗಳಲ್ಲಿ ಅವು ಬೇಕಾದಷ್ಟಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಕಾಲು ಮುರಿದುಕೊಂಡು ಬದುಕಿ ಉಳಿದವನಿಗೆ ಅಲ್ಲಿ ಪಟ್ಟಿಕೆಯಿಲ್ಲ. ಈ ವೀರದ ಭಾಷೆಯನ್ನೇ ಫ್ಲೆಕ್ಸಿಗೆ ಎತ್ತಿಕೊಟ್ಟು ನಾವು ಹುಡುಗರನ್ನು ಮಣ್ಣಿಗೆ ತಳ್ಳುತ್ತಿದ್ದೇವೆ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಉಸ್ತಾದರ ಒಪ್ಪಿಗೆ ಬರಹದಲ್ಲಿ ಸಿಗುವವರೆಗೆ ಪೈಲ್ವಾನನ ಫೋಟೋ ಅಚ್ಚು ಹಾಕಬಾರದು. ಅಖಾಡದ ಹತ್ತಿರ ಒಬ್ಬ ಡಾಕ್ಟರ್, ಒಂದು ಆಂಬುಲೆನ್ಸ್ ಇರಬೇಕು. ಕೊನೆಯ ಜೋಡಿಯ ಹಣದಲ್ಲಿ ಸೋತವನಿಗೂ ಮೊದಲೇ ಗೊತ್ತುಮಾಡಿದ ಪಾಲಿರಬೇಕು. ಗಾಯವಿದೆ ಎಂದು ಹಿಂದೆ ಸರಿದವನನ್ನು ಮೈಕಿನಲ್ಲಿ ಹಂಗಿಸಬಾರದು. ಹೋರಿಗೆ ಲಕ್ಷ ಖರ್ಚು ಮಾಡುವ ಊರುಗಳಿಗೆ ಇದು ಭಾರವಲ್ಲ.

ಹೋದ ತಿಂಗಳು ಮತ್ತೊಂದು ಕಮಿಟಿಯಿಂದ ಫೋನ್ ಬಂತು. ಹೊಸ ಹುಡುಗ, ಹೊಸ ಪೋಸ್ಟರ್, ಎರಡು ಸಾಲು ಬೇಕಂತೆ. ‘ಹುಡುಗನ ಉಸ್ತಾದರನ್ನ ಕೇಳೀರೇನ್ರಿ?’ ಎಂದೆ. ‘ಅದೆಲ್ಲಾ ಆಮ್ಯಾಲೆ ನೋಡೂಣು, ನೀವು ಮೊದ್ಲ ಬರದ ಕಳಸ್ರಿ’ ಎಂದರು. ನಾನು ಬರೆದು ಕಳಿಸಲಿಲ್ಲ. ಬೇರೆ ಯಾರೋ ಬರೆದುಕೊಟ್ಟಿದ್ದಾರೆ. ಅವರು ಇದನ್ನು ಓದುತ್ತಿದ್ದರೆ ಆ ಹುಡುಗನ ಮೊಣಕಾಲು ಹೇಗಿದೆ ಎಂದು ಒಮ್ಮೆ ವಿಚಾರಿಸಲಿ.